ಮೊದಲು ಪಟ್ಟಿ, ಆಮೇಲೆ ಆ್ಯಪ್

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಂದಿ ಅಮೆರಿಕಾಕ್ಕೆ ಹೋದರೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮರೆಯಂಗಿಲ್ಲ. ಅವನ್ನು ಮನೆಗೆ ಮುಟ್ಟಿಸೋ ಆ್ಯಪ್ ಕಟ್ಟಬೇಕಂದ್ರ ಸ್ವಲ್ಪ ಇತಿಹಾಸ ನೋಡ್ರಿ.

1974ರಲ್ಲಿ ಮಫತ್ ಮತ್ತು ತುಳಸಿ ಪಟೇಲ್ ಸಹೋದರರು ಶಿಕಾಗೋದ ಡೆವನ್ ಅವೆನ್ಯೂದಲ್ಲಿ ಭಾರತೀಯ ಕಿರಾಣಿ ಅಂಗಡಿ ತೆರೆದರು. ಮೊದಲು ಮಾಲು ತುಂಬಬೇಕು, ಆಮೇಲೆ ಗಿರಾಕಿಗೆ ಕಾಯಬೇಕು. 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲ್ಯಾರಿ ಲಿಯು ಶುರುಮಾಡಿದ 'ವೀ' ಬೇರೆ ದಾರಿ ಹಿಡಿಯಿತು. ಚೀನೀ ವಲಸಿಗರ ವೀಚಾಟ್ ಗುಂಪುಗಳೇ ಅದರ ಮೊದಲ ಅಂಗಡಿ. ಎಲ್ಲರೂ ಕೂಡಿ ಆರ್ಡರ್ ಹಾಕೋದು.

ಬಿ.ಕಾಂ. ಲೆಕ್ಕದಲ್ಲಿ ಇದರ ಅರ್ಥ: ಮಾರಾಟವಾಗದ ಮಾಲಿನಲ್ಲಿ ಬಂಡವಾಳ ಸಿಕ್ಕಿಬೀಳೋದು ಕಡಿಮೆ.

ನಮ್ಮವರು ಅಲ್ಲಲ್ಲಿ ಚದುರಿದ ಸಣ್ಣ ಸಮುದಾಯ. ಹಂಗಾಗಿ ವಾಟ್ಸಾಪ್‌ನಲ್ಲಿ ಮೊದಲು ಆರ್ಡರ್ ಪಟ್ಟಿ, ಆಮೇಲೆ ಆ್ಯಪ್. ಇಲ್ಲಾಂದ್ರ ಉಳಿದ ಮಾಲಿನ ನಷ್ಟ ಊರಲ್ಲಿ ರೊಟ್ಟಿ ಬಡಿಯೋ ಅವ್ವಂದಿರ ತಲಿ ಮ್ಯಾಲ ಬೀಳತೈತಿ.