ಉತ್ನೂರಿನ ಬೂದಿದಿಬ್ಬ

ಪ್ರಾಚೀನರ ಪೂಜಾಸ್ಥಾನವೆಂದೊಡನೆ ನಮಗೆ ಕಲ್ಲಿನ ಗುಡಿಗಳೇ ನೆನಪಾಗುವುವು. ಆದರೆ ಕೈಗೆ ಸಿಕ್ಕ ಸಾಮಾನ್ಯ ವಸ್ತುವನ್ನೇ ಒಟ್ಟಿ ಗುಡ್ಡದಷ್ಟು ಎತ್ತರಿಸಿದ ಜನರೂ ಉಂಟು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಕ್ರಿಸ್ತಶಕದ ಮೊದಲ ಎಂಟು ಶತಮಾನಗಳಲ್ಲಿ ಬಾಳಿದ ಮೋಚೆ ಜನರು ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಗಳಿಂದ ಎರಡು ಮಹಾದಿಬ್ಬಗಳನ್ನು ಕಟ್ಟಿದರು. ಇಂದು ಅವುಗಳಿಗೆ ಸೂರ್ಯನ ದಿಬ್ಬ, ಚಂದ್ರನ ದಿಬ್ಬ ಎಂದು ಹೆಸರು. ಮೊದಲನೆಯದಕ್ಕೆ 13 ಕೋಟಿಗೂ ಮಿಕ್ಕಿ ಇಟ್ಟಿಗೆಗಳು ಹಿಡಿದಿರಬೇಕೆಂದು ಅಂದಾಜು. ಎರಡನೆಯದರಲ್ಲಿ ಹಳೆಯ ಗುಡಿಯನ್ನು ಕೆಡವದೆ, ಇಟ್ಟಿಗೆ ತುಂಬಿ ಮುಚ್ಚಿ, ಅದರ ಮೇಲೆಯೇ ಹೊಸದನ್ನು ಎಬ್ಬಿಸಿದರು.

ಹೀಗೆ ಪದರದ ಮೇಲೆ ಪದರವಾಗಿ ಬೆಳೆದ ದಿಬ್ಬಗಳು ನಮ್ಮ ಕೃಷ್ಣಾ ತುಂಗಭದ್ರಾ ಸೀಮೆಯಲ್ಲಿಯೂ ಇವೆ, ಮತ್ತು ಅವು ಮೋಚೆ ಜನರಿಗಿಂತ ಎರಡು ಸಾವಿರ ವರ್ಷಗಳಿಗೂ ಹಿಂದಿನವು. ಅವುಗಳ ದ್ರವ್ಯ ಮಣ್ಣಲ್ಲ, ಸಗಣಿಯ ಬೂದಿ! ಬೊಮ್ರಾಸಪೇಟೆಯೂ 2016ರವರೆಗೆ ಸೇರಿದ್ದ ಮಹಬೂಬನಗರ ಜಿಲ್ಲೆಯ ಉತ್ನೂರಿನಲ್ಲಿ ಆಲ್ಚಿನ್ ಎಂಬ ವಿದ್ವಾಂಸರು 1957ರಲ್ಲಿ ಇಂತಹ ಒಂದು ದಿಬ್ಬವನ್ನು ಅಗೆದರು. ತಾಳೆಯ ಕಂಬಗಳನ್ನು ನೆಟ್ಟು ಮಾಡಿದ ದನದ ದೊಡ್ಡಿಯ ಗುರುತುಗಳು ಅಲ್ಲಿ ದೊರೆತುವು. ದೊಡ್ಡಿಯಲ್ಲಿ ಸಗಣಿ ಸೇರುವುದು, ಅದಕ್ಕೆ ಬೆಂಕಿ ಬೀಳುವುದು, ಅದೇ ಸ್ಥಳದಲ್ಲಿ ಮತ್ತೆ ದೊಡ್ಡಿ ಏಳುವುದು. ಇದು ಹಲವು ಸಲ ನಡೆದಿದೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ತುಳಿದ ದನಗಳ ಗೊರಸಿನ ಗುರುತುಗಳು ಬೂದಿಯಲ್ಲಿ ಉಳಿದಿದ್ದುವೆಂದರೆ ಯಾರಿಗೆ ತಾನೆ ರೋಮಾಂಚವಾಗದು?

ಬೆಂಕಿಯಿಟ್ಟುದೇಕೆ? ರೋಗ ಕಳೆಯಲು, ಕೊಳೆ ನೀಗಲು ಎನ್ನುವವರಿದ್ದಾರೆ. ವರ್ಷದ ಹಬ್ಬದಲ್ಲಿ ವಿಧಿಪೂರ್ವಕವಾಗಿ ಸುಟ್ಟರೆಂದು ಆಲ್ಚಿನ್ನರ ಊಹೆ. ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವುದನ್ನು, ಹೋಳಿಗೆ ಹುಡುಗರು ಕುಳ್ಳು ಕದ್ದು ತಂದು ಒಟ್ಟುವುದನ್ನು ಬಲ್ಲ ನಮಗೆ ಈ ಊಹೆ ಅಸಹಜವೆನಿಸದು. ಕೊಳೆ ನೀಗುವುದಷ್ಟೇ ಉದ್ದೇಶವಾಗಿದ್ದರೆ ಸಗಣಿಯನ್ನು ಹೊಲಕ್ಕೆ ಹೊತ್ತು ಹಾಕಬಹುದಾಗಿತ್ತು. ಒಂದೇ ಸ್ಥಳದಲ್ಲಿ ತಲೆಮಾರುಗಳ ಕಾಲ ಬೂದಿಯನ್ನು ಏರಿಸಬೇಕಾಗಿರಲಿಲ್ಲ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯನ್ನು ಸುಟ್ಟ ಸ್ಥಳವೆನ್ನುತ್ತಾರೆ. ಕಥೆ ಬೇರೆಯಾದರೂ, ಇದು ಬರಿಯ ತಿಪ್ಪೆಯಲ್ಲವೆಂಬ ಅರಿವು ಅದರಲ್ಲಿದೆ.

ಚಿನ್ನದ ಆಸೆಯಿಂದ ಸ್ಪೇನಿನವರು ಹೊಳೆಯನ್ನೇ ತಿರುಗಿಸಿ ಸೂರ್ಯನ ದಿಬ್ಬದ ಬಹುಭಾಗವನ್ನು ಕೊಚ್ಚಿಸಿದರು. ಇಲ್ಲಿ ಚಿನ್ನದ ಆಸೆಯೂ ಇಲ್ಲ. ಗೊಬ್ಬರಕ್ಕೆಂದು ಎಷ್ಟೋ ದಿಬ್ಬಗಳು ಬಂಡಿಯೇರಿ ಹೊಲ ಸೇರಿವೆ. ಉಪಾಧ್ಯಾಯರು ಮಕ್ಕಳೊಡನೆ ಹೊಲದತ್ತ ಹೋದಾಗ ಕುಲುಮೆಯ ಕಿಟ್ಟದಂತಹ ಹಗುರಾದ ಬೂದುಗಟ್ಟಿಗಳು ಕಾಲಿಗೆ ಸಿಕ್ಕಿದರೆ, ಅಲ್ಲಿಯೇ ನಿಂತು ಸುತ್ತಲೂ ನೋಡಲಿ.