ಕೋಕೋ ಬೀಜಕ್ಕೆ ಬೇಡಿಕೆ ಎಷ್ಟು?



ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರ ಮುಂದೆ ನೀವು ಚಾಕಲೇಟು ಕೊಳ್ಳಲು ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಹತ್ತಾರು ಬಗೆಗಳಲ್ಲಿ ಒಂದನ್ನು ಆರಿಸುತ್ತೀರಿ. ಈ ಪುಟ್ಟ ಆಯ್ಕೆಗೂ ಪುತ್ತೂರು, ಸುಳ್ಯಗಳ ಅಡಿಕೆ ತೋಟದ ನೆರಳಿನಲ್ಲಿ ಬೆಳೆಯುವ ಕೋಕೋ ಗಿಡಕ್ಕೂ ನೇರವಾದ ನಂಟಿದೆ.

1970ರ ದಶಕದಲ್ಲಿ ನಮ್ಮ ಕರಾವಳಿಯ ರೈತರು ಅಡಿಕೆಯ ನಡುವೆ ಮಿಶ್ರಬೆಳೆಯಾಗಿ ಕೋಕೋ ನೆಟ್ಟರು. 1977ರಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಕೋಕೋ ಬೆಲೆ ಬಹಳ ಮೇಲೇರಿತ್ತು, ಆನಂತರ ಇಳಿಯತೊಡಗಿತು. ಇಲ್ಲಿ ಬೀಜ ಕೊಳ್ಳುತ್ತಿದ್ದ ಖಾಸಗಿ ಕಂಪನಿಗಳು ಬೆರಳೆಣಿಕೆಯಷ್ಟು. 1980ರ ಸುಮಾರಿಗೆ ಅವು ಖರೀದಿಯಿಂದ ಹಿಂದೆ ಸರಿದಾಗ ರೈತ ಕಂಗಾಲಾದ. ಅಡಿಕೆಯನ್ನಾದರೆ ಅಟ್ಟದಲ್ಲಿಟ್ಟು ಒಳ್ಳೆಯ ಬೆಲೆಗೆ ಕಾಯಬಹುದು. ಕೋಕೋದ ಹಸಿ ಬೀಜ ಹಾಗೆ ಕಾಯುವುದಿಲ್ಲ. ಕಾಯಿ ಒಡೆದ ಕೂಡಲೇ ಹುದುಗು ಬರಿಸಿ ಒಣಗಿಸಬೇಕು.

ಆಗ ನೆರವಿಗೆ ಬಂದದ್ದು ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಈ ಸಹಕಾರ ಸಂಸ್ಥೆ ಕೋಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆ ಆರಂಭವಾಯಿತು. ಬೀಜ ಮಾರುತ್ತಿದ್ದವರು ಈಗ ತಿನಿಸು ಮಾರಬೇಕಾಯಿತು.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಹೊಸ ಚಾಕಲೇಟು ಮಾರುಕಟ್ಟೆಗೆ ಬಂದರೆ ಎಷ್ಟು ಹೆಚ್ಚು ಕೋಕೋ ಬೇಕಾಗುತ್ತದೆ? ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 100 ಮಕ್ಕಳಲ್ಲಿ 50 ಮಂದಿ ಹಾಲಿನ ಚಾಕಲೇಟು, 50 ಮಂದಿ ನೆಲಕಡಲೆ ಚಿಕ್ಕಿ ಕೊಳ್ಳುತ್ತಾರೆ. ಮೊದಲಿನದರಂತೆಯೇ ಇರುವ ಇನ್ನೊಂದು ಹಾಲಿನ ಚಾಕಲೇಟು ಬಂತು. ಮೂರು ತಿನಿಸುಗಳೂ ಗಿರಾಕಿಗಳನ್ನು ಸಮನಾಗಿ ಹಂಚಿಕೊಳ್ಳುತ್ತವೆ ಎಂದುಕೊಂಡರೆ, ಚಾಕಲೇಟು ತಿನ್ನುವವರು 50ರಿಂದ ಸುಮಾರು 67ಕ್ಕೆ ಏರುತ್ತಾರೆ. ಆದರೆ ಚಿಕ್ಕಿ ಇಷ್ಟಪಡುವವರು ಅಲುಗುವುದಿಲ್ಲ. ಎರಡು ಚಾಕಲೇಟುಗಳು ಹಳೆಯ 50 ಮಂದಿಯನ್ನೇ 25, 25 ಎಂದು ಹಂಚಿಕೊಳ್ಳುತ್ತವೆ. ಅಂಗಡಿಯಲ್ಲಿ ಹೊಸ ಹೆಸರು ಬಂತು. ಆದರೆ ತೋಟದ ಬೀಜಕ್ಕೆ ಬೇಡಿಕೆ ಹೆಚ್ಚಲಿಲ್ಲ. 67 ಎಂದು ನಂಬಿ ಗಿಡ ನೆಟ್ಟವನಿಗೆ ನಷ್ಟ. ಬದಲಿಗೆ ಚಾಕಲೇಟು ಲೇಪಿಸಿದ ಕಡಲೆ ತಿನಿಸು ಬಂದಿದ್ದರೆ ಅದು ಚಿಕ್ಕಿಯ ಗಿರಾಕಿಗಳನ್ನೇ ಸೆಳೆಯಬಹುದಿತ್ತು.

ಅಂದರೆ ಬೇಡಿಕೆಯನ್ನು ಅಳೆಯುವಾಗ ಎಷ್ಟು ಮಾರಾಟವಾಯಿತು ಎಂಬುದಷ್ಟೇ ಸಾಲದು. ಆ ಗಿರಾಕಿ ಏನನ್ನು ಬಿಟ್ಟು ಬಂದ ಎಂಬುದೂ ತಿಳಿಯಬೇಕು. ಜನರ ಆಯ್ಕೆಯನ್ನು ಸಂಭವನೀಯತೆಯ ಗಣಿತದಿಂದ ವಿವರಿಸಿದ ಅಮೆರಿಕದ ಡೇನಿಯಲ್ ಮೆಕ್‌ಫ್ಯಾಡನ್ ಅವರಿಗೆ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು. ಅವರ ಸರಳ ಸೂತ್ರದಲ್ಲಿ ಮೇಲಿನ 67ರ ತೊಡಕು ಬರುತ್ತದೆಂಬುದು ಅರ್ಥಶಾಸ್ತ್ರಜ್ಞರಿಗೆ ತಿಳಿದಿತ್ತು. ರುಚಿ, ಬೆಲೆ, ಸಿಹಿಯ ಪ್ರಮಾಣ ಮುಂತಾದ ಗುಣಗಳನ್ನೂ ಕೊಳ್ಳುವವರ ಭಿನ್ನ ಅಭಿರುಚಿಗಳನ್ನೂ ಲೆಕ್ಕಕ್ಕೆ ತಂದು ಮುಂದಿನವರು ಅದನ್ನು ತಿದ್ದಿದರು. 2001ರಲ್ಲಿ ಅವೀವ್ ನೆವೊ ಎಂಬವರು ಅಮೆರಿಕದ ನಗರಗಳಲ್ಲಿ ಬೆಳಗಿನ ಉಪಾಹಾರದ ಧಾನ್ಯದ ತಿನಿಸುಗಳ ಬೇಡಿಕೆಯನ್ನು ಇದೇ ಬಗೆಯಲ್ಲಿ ಅಳೆದರು.

ಈ ಪ್ರಯೋಗವನ್ನು ನೀವೂ ಮಾಡಬಹುದು. ನಿಮ್ಮ ತರಗತಿಯ ಗೆಳೆಯರನ್ನು ಎರಡು ಪ್ರಶ್ನೆ ಕೇಳಿ: ನಿನಗೆ ಯಾವ ತಿನಿಸು ಇಷ್ಟ? ಅದು ಸಿಗದಿದ್ದರೆ ಯಾವುದನ್ನು ಕೊಳ್ಳುತ್ತೀ? ಉತ್ತರಗಳನ್ನು ಪಟ್ಟಿ ಮಾಡಿ. ಎರಡನೆಯ ಉತ್ತರವೂ ಚಾಕಲೇಟೇ ಆದರೆ ಬೀಜದ ಬೇಡಿಕೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು; ಚಿಕ್ಕಿಯಾದರೆ ಅಷ್ಟರಮಟ್ಟಿಗೆ ತಗ್ಗಿತು. 1980ರಲ್ಲಿ ಹಸಿ ಬೀಜ ಹಿಡಿದು ನಿಂತ ರೈತನ ಪಾಲಿಗೆ ಈ ಎರಡನೆಯ ಉತ್ತರ ಅನ್ನದ ಪ್ರಶ್ನೆಯಾಗಿತ್ತು.