ಸಯನೋಬ್ಯಾಕ್ಟೀರಿಯಾ

ಗ್ರೀಕ್ ಭಾಷೆಯ ‘ಕಿಯಾನೋಸ್’ ಎಂದರೆ ಕಡುನೀಲಿ. ಸಯನೋಬ್ಯಾಕ್ಟೀರಿಯಾ ಎಂಬ ಹೆಸರಿಗೂ ಮುದ್ರಣದ ‘ಸಯಾನ್’ ಶಾಯಿಗೂ ‘ಸಯನೈಡ್’ ವಿಷಕ್ಕೂ ಅದೇ ಬೇರು. ಬಹುಕಾಲ ಈ ಜೀವಿಗೆ ನೀಲಿ-ಹಸಿರು ಪಾಚಿ ಎಂದೇ ಹೆಸರಿತ್ತು. ಕೋಶಕೇಂದ್ರವೇ ಇಲ್ಲದ ಇದು ನಿಜಕ್ಕೂ ಬ್ಯಾಕ್ಟೀರಿಯಾ. ನೀಲಿ ಛಾಯೆ ಫೈಕೋಸಯನಿನ್ ಎಂಬ ವರ್ಣದ್ರವ್ಯದ್ದು.

ಈಚೆಗೆ ‘ಸಯನೋಬ್ಯಾಕ್ಟೀರಿಯಾ’ ಪದ ಜೀವತಂತ್ರಜ್ಞಾನದ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. 1999ರಲ್ಲಿ ಕೆನಡಾದ ಸಂಶೋಧಕರು ಸೈನೆಕೊಕಾಕಸ್ ಎಂಬ ಸಯನೋಬ್ಯಾಕ್ಟೀರಿಯಾಕ್ಕೆ ಬೇರೊಂದು ಬ್ಯಾಕ್ಟೀರಿಯಾದ ಎರಡು ಜೀನ್ ಸೇರಿಸಿದರು. ಬಿಸಿಲು, ಇಂಗಾಲದ ಡೈಆಕ್ಸೈಡ್‌ಗಳಿಂದಲೇ ಅದು ಎಥನಾಲ್ ತಯಾರಿಸಿತು. 2009ರಲ್ಲಿ ಅಮೆರಿಕದ ಜೇಮ್ಸ್ ಲಿಯಾವೊ ತಂಡ ಹೀಗೆಯೇ ತಯಾರಿಸಲು ಐಸೊಬ್ಯುಟಿರಾಲ್ಡಿಹೈಡ್ ಎಂಬ ರಾಸಾಯನಿಕವನ್ನು ಆರಿಸಿಕೊಂಡಿತು. ಅದು ಬೇಗ ಆವಿಯಾಗುತ್ತದೆ. ಗಾಳಿ ಹಾಯಿಸಿದರೆ ಸಾಕು, ಕೋಶಗಳನ್ನು ಒಡೆಯದೆಯೇ ಸಂಗ್ರಹಿಸಬಹುದು. ಈ ಆಯ್ಕೆಯ ಜಾಣ್ಮೆ ಮೆಚ್ಚಬೇಕಾದ್ದು. ಹೀಗೆ ತಯಾರಾದ ರಾಸಾಯನಿಕಗಳು ಪೆಟ್ರೋಲಿಯಂ ಉತ್ಪನ್ನಗಳ ಬೆಲೆಗೆ ಸಾಟಿಯಾಗುವುದು ಮಾತ್ರ ಇನ್ನೂ ಕಷ್ಟವಾಗಿಯೇ ಉಳಿದಿದೆ.